ನೀಲಿ ಸೀಸೆ ಹೊತ್ತು ಅತ್ತೆಯ ಊರಿಗೆ

ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತು ತೀರಿಹೋದ ಮರುವರ್ಷ, ಗುಲಬರ್ಗಾದಲ್ಲಿ ಆಗಷ್ಟೇ ಡಾಕ್ಟರಿಕೆ ಮುಗಿಸಿದ್ದ ನಾನು ಅವರ ಒಡಹುಟ್ಟಿದವರನ್ನು ನೋಡಿಬರಲು ಹೊರಟೆ. ರಾಜ್ಯಗಳ ಗಡಿ ಎಳೆದ ಮೇಲೆ ಅವರೆಲ್ಲ ಆಂಧ್ರದವರಾಗಿಬಿಟ್ಟಿದ್ದರು: ತಾಂಡೂರಿನಲ್ಲಿ ಕಾಕಾ, ಜಹೀರಾಬಾದಿನಲ್ಲಿ ದೊಡ್ಡಪ್ಪ, ನಾರಾಯಣಖೇಡದಲ್ಲಿ ಅತ್ತೆ. ಚೀಲದಲ್ಲಿ ನೀಲಿ ದ್ರಾವಣದ ಸೀಸೆ, ಗಾಜಿನ ಕೊಳವೆ, ಸ್ಪಿರಿಟ್ ದೀಪ ಇದ್ದವು. ದ್ರಾವಣಕ್ಕೆ ಮೂತ್ರದ ಕೆಲವು ಹನಿ ಹಾಕಿ ಕಾಯಿಸಿದಾಗ ನೀಲಿ ಹಾಗೇ ಉಳಿದರೆ ಕ್ಷೇಮ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ.

ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವವರಿಗೆ ಈ ಕಾಯಿಲೆ ಬರುವುದಿಲ್ಲ ಎಂದು ನಮಗೆ ಪಾಠವಾಗಿತ್ತು. ಪುಸ್ತಕ ಬರೆದವರು ನಮ್ಮ ಕಡೆಯವರನ್ನು ಕೇಳಿ ಬರೆದಂತೆ ಕಾಣಲಿಲ್ಲ. ನನಗಂತೂ ತಿಳಿಯಲೇಬೇಕಿತ್ತು, ಯಾಕೆಂದರೆ ತಂಗಿ ಶಾಂತಾಳನ್ನು ಅತ್ತೆಯ ಕಿರಿಮಗ ಶಿವಪ್ಪನಿಗೆ ಕೊಡುವುದೆಂದು ಮಾತಾಗಿತ್ತು. ಅಪ್ಪನ ಕೊನೆಯ ದಿನಗಳಲ್ಲಿ ನಮ್ಮಲ್ಲೇ ಇದ್ದು ಆರೈಕೆ ಮಾಡಿದ ಅತ್ತೆ, ಅವರು ಕಣ್ಣು ಮುಚ್ಚುವ ಮುನ್ನ ಕೈ ಹಿಡಿದು ಮಾತು ಕೊಟ್ಟಿದ್ದಳು. ಶಾಂತಾಳಿಗೂ ಶಿವಪ್ಪನಿಗಿಂತ ಅತ್ತೆಯ ಮೇಲೆಯೇ ಪ್ರೀತಿ ಹೆಚ್ಚು. ಆದರೆ ರೋಗ ಎರಡೂ ಮನೆಯಲ್ಲಿದ್ದರೆ ಈ ಲಗ್ನ ಮಾಡುವುದು ಹೇಗೆ?

ರೈಲಿನಲ್ಲಿ ಮಧ್ಯಾಹ್ನ ತಾಂಡೂರಿಗೆ ಇಳಿದೆ. ಕಾಕಾ ಹಾಸುಗಲ್ಲಿಗೆ ಪಾಲಿಶ್ ಮಾಡಿಸುವವರು, ರೆಪ್ಪೆಯ ತನಕ ಬಿಳಿ ಧೂಳು. ಅವರ ಕೊಳವೆ ಕೆಂಪಗಾಯಿತು. "ನಿಮ್ಮಪ್ಪನ ಆಸ್ತ್ಯಾಗ ನನಗೂ ಪಾಲ ಬಂತನ್ನು" ಎಂದು ನಕ್ಕು, ನನಗೆ ಸಕ್ಕರೆ ಹಾಕಿದ ಚಹಾ, ತಮಗೆ ಸಪ್ಪೆ ಚಹಾ ತರಿಸಿದರು.

ಮರುದಿನ ಜಹೀರಾಬಾದಿನ ಬಸ್ಸು ದಾರಿಯುದ್ದಕ್ಕೂ ಧೂಳು ತಿನ್ನಿಸಿತು. ದೊಡ್ಡಪ್ಪ ಕಬ್ಬಿನ ಗಾಣದ ಹತ್ತಿರ ಬಿಸಿ ಬೆಲ್ಲ ಹಿಡಿದೇ ನಿಂತಿದ್ದರು. ಅವರದೂ ಕೆಂಪು. "ಇದು ಬೆಲ್ಲ, ಸಕ್ಕರಿ ಅಲ್ಲಪಾ. ಅದೂ ನಮ್ಮ ಹೊಲದ್ದು" ಎಂದು ವಾದಿಸಿದರು. ನಾನು ಬೈದೆ, ಅವರು ಕೊಟ್ಟ ಬೆಲ್ಲವನ್ನೂ ತಿಂದೆ.

ಉಳಿದವಳು ಅತ್ತೆ. ನಾರಾಯಣಖೇಡದಲ್ಲಿ ಇಳಿಯುವಾಗ ಬಿಸಿಲು ಇಳಿದಿತ್ತು. ಕಾಲಿಗೆ ನೀರು, ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಭಾಳ ಸೊರಗೀದಿ" ಎಂದು ಎರಡೆರಡು ರೊಟ್ಟಿ ಹೆಚ್ಚಿಗೆ ಬಡಿಸಿದಳು. ಸೊರಗಿದ್ದವಳು ಅವಳೇ.

ಬೆಳಿಗ್ಗೆ ಮಾವ, ಮಕ್ಕಳು ಹೊಲಕ್ಕೆ ಹೋದರು. ಅತ್ತೆ ಲಿಂಗಪೂಜೆ ಮುಗಿಸಿ, ತನ್ನದೊಂದು, ಬಸುರಿಯಾಗಿದ್ದ ಹಿರಿಸೊಸೆ ಶರಣಮ್ಮನದೊಂದು, ಎರಡು ಸೀಸೆ ಸೆರಗಿನಲ್ಲಿ ಮುಚ್ಚಿ ತಂದಳು. ಹೆಂಗಸರ ಮಾತು, ನಾಚಿಕೆ ಸಹಜ ಎಂದುಕೊಂಡೆ. "ಬಸುರಿ ಅದಾಳ, ಆಕೀದೂ ನೋಡು" ಎಂದಳು. ಅತ್ತೆಯದು ಅಪ್ಪಟ ನೀಲಿಯಾಗಿ ಉಳಿದಾಗ ಕುಣಿಯಬೇಕೆನ್ನಿಸಿತು. ಶರಣಮ್ಮನದು ಮಾತ್ರ ಇಟ್ಟಿಗೆಯಂತೆ ಕೆಂಪಗಾಯಿತು.

ನನಗೆ ನಿಜವಾಗಿ ಹೆದರಿಕೆಯಾಯಿತು. "ಅತ್ತಿ, ಈಕೀನ್ನ ಇವತ್ತೇ ಬೀದರ ದವಾಖಾನಿಗೆ ಕರ್ಕೊಂಡು ಹೋಗಬೇಕು. ಹೊಟ್ಟ್ಯಾಗಿನ ಕೂಸಿಗೂ ತೊಂದ್ರಿ ಅದ" ಎಂದೆ. ಬಾಗಿಲ ಹಿಂದೆ ಶರಣಮ್ಮ ಬಿಕ್ಕಿದಳು.

"ಆಕೀನ್ನ ಅಳಸಬ್ಯಾಡ" ಎಂದಳು ಅತ್ತೆ. "ಆ ಕೆಂಪಂದು ನಂದು. ಸೀಸಿ ನಾನೇ ಅದಲಬದಲ ಮಾಡೀನಿ."

"ಯಾಕತ್ತಿ?"

"ನಂದು ಕೆಂಪಾದ್ರ ನೀ ಲಗ್ನ ಬ್ಯಾಡಂತಿ. ಅಣ್ಣಗ ಮಾತ ಕೊಟ್ಟೀನಿ ನಾ."

ಇಬ್ಬರದನ್ನೂ ಮತ್ತೆ ತೆಗೆದುಕೊಂಡು ನೋಡಿದೆ. ಶರಣಮ್ಮನದು ನೀಲಿ. ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅತ್ತೆಯ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಒಲೆಯ ಮುಂದೆ ಕೂತು ತಿಳಿಸಿ ಹೇಳಿದೆ: ಎರಡೂ ಕಡೆಯಿಂದ ಇಳಿದು ಬಂದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಬಂದೇ ಬರುತ್ತದೆಂದು ಹೇಳುವಷ್ಟು ನನಗೆ ಗೊತ್ತಿಲ್ಲ, ನೀನೇ ಯೋಚಿಸು.

ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದಳು. ಕೈಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಹೇಳಿದಳು: "ಅಣ್ಣನ ಕಾಲಿಗಿ ದಿನಾ ಪಟ್ಟಿ ಕಟ್ಟೀನಿ. ಮೊಮ್ಮಕ್ಕಳ ಕಾಲಿಗಿ ಕಟ್ಟಾಕ ನನ್ನ ಕೈಲಿ ಆಗಾಂಗಿಲ್ಲ. ಶಿವ್ಯಾಗ ಬ್ಯಾರೆ ಕಡಿ ಹೆಣ್ಣು ನೋಡಮು."

ಜೋಳದ ರಾಶಿ ಮುಗಿದ ಮೇಲೆ ಗುಲಬರ್ಗಾಕ್ಕೆ ಬಂದು ಔಷಧ ಶುರು ಮಾಡಿಸಿಕೊಳ್ಳುವುದಾಗಿ ನನ್ನ ತಲೆ ಮುಟ್ಟಿ ಹೇಳಿದಳು. ಬೀದರಿನ ಬಸ್ಸಿಗೆ ಹತ್ತಿಸಲು ತಾನೇ ಬಂದಳು. ಕಿಟಕಿಯಿಂದ ರೊಟ್ಟಿಯ ಗಂಟು ಕೊಟ್ಟು, ಅದರ ಮೇಲೊಂದು ಹಸಿರು ಸೀರೆ ಇಟ್ಟಳು.

"ಸೊಸಿಗಂತ ತಗೊಂಡಿದ್ದೆ. ಮಗಳಿಗಂತ ಕೊಡು. ಆಕಿ ಲಗ್ನ ಯಾರ ಕೂಡ ಆಗ್ಲಿ, ಅಡಗಿಗಿ ಮೊದಲ ಒಲಿ ನಾನೇ ಹಚ್ಚಾಕಿ."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಅತ್ತೆ ಕೈ ಬೀಸುತ್ತಿರಲಿಲ್ಲ; ಧೂಳು ಕೂತೀತು, ಸೀರೆ ಚೀಲದೊಳಗಿಡು ಎಂದು ದೂರದಿಂದಲೇ ಸನ್ನೆ ಮಾಡುತ್ತಿದ್ದಳು.