ಮೊಳೆಯದ ಜೋಳ

ಆಗಿನ ಕಾಲಕ್ಕೆ ನಮ್ಮ ಕಲ್ಲೂರಿನಲ್ಲಿ ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ಜೋಳದ ಬೀಜ ಮನೆಯಿಂದ ಮನೆಗೆ ನಡೆಯುತ್ತಿತ್ತು. ನಮಗೆ ಬರುತ್ತಿದ್ದುದು ಪಕ್ಕದ ಮನೆಯ ಮಾಬುಬಿಯಿಂದ. ಬೂದಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿಟ್ಟ ಆ ಕಾಳಿಗೆ ಕಹಿಯಾದ, ತಣ್ಣನೆಯ ವಾಸನೆ. ಆಕೆಯ ಮಗಳು ನಸೀಮಾ ಮತ್ತು ನಾನು ಅವರ ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತ, ಹಸಿವಾದರೆ ಯಾರ ಮನೆ ಹತ್ತಿರವೋ ಅಲ್ಲಿ ರೊಟ್ಟಿ ತಿನ್ನುತ್ತಿದ್ದೆವು.

ಆ ವರ್ಷ ಮಾಬುಬಿಯ ಹೊಲ ಹಸಿರಾಯಿತು. ಬದುವಿನ ಈಚೆಗೆ ನಮ್ಮ ಹೊಲ ಕರ್ರಗೆ ಹಾಗೇ ಬಿದ್ದಿತ್ತು. ಅಲ್ಲಲ್ಲಿ ತಲೆಯೆತ್ತಿದ ಮೊಳಕೆಯೂ ಹಳದಿಯಾಗಿ ಮುರುಟಿತು. ಅದೇ ಮಣ್ಣು, ಅದೇ ಮಳೆ.

ಊಟಕ್ಕೆ ಕುಳಿತಾಗ ಅಪ್ಪ ತಾಟು ಸರಿಸಿ ಅಂದ: "ಚಲೋ ಬೀಜ ತಾ ಇಟ್ಕೊಂಡು, ಹುಳುಕು ನಮಗ ಕೊಟ್ಟಾಳ."

ಆ ಮಾತು ಗಿರಣಿಗೆ ಹೋಯಿತು, ನಳದ ಕಟ್ಟೆಗೆ ಹೋಯಿತು. ಹಿಂದಿನ ವರ್ಷ ಆಕೆ ತಮಗೆ ಕೊಟ್ಟ ತೊಗರಿಯೂ ಹಾಗೇ ಆಗಿತ್ತೆಂದು ಯಾರೋ ಸೇರಿಸಿದರು. ನನಗೆ ಆ ಅಂಗಳ ಬಂದ್ ಆಯಿತು. ನಸೀಮಾ ಗೋಡೆಯಾಚೆ ಒಬ್ಬಳೇ ಬಿಲ್ಲೆ ಎಸೆಯುವ ಸದ್ದು ಕೇಳುತ್ತಿತ್ತು.

ಬಿತ್ತಿದ ಬೀಜದ ಚೀಲ ಝಾಡಿಸುವಾಗ ಅವ್ವ ಮೂಗು ಮುಚ್ಚಿಕೊಂಡಳು. ಬೇವಿನ ವಾಸನೆಯಲ್ಲ, ಹುಳ ಸಾಯಲೆಂದು ಹತ್ತಿಗೆ ಹೊಡೆಯುವ ವಿಷದೆಣ್ಣೆಯ ನಾತ. ಚೀಲದ ಮೂಲೆಯಲ್ಲಿ ಉಳಿದಿದ್ದ ಕಾಳನ್ನು ಒಂದು ಹಸಿ ಗೋಣಿತಟ್ಟಿನಲ್ಲಿ ಸುತ್ತಿದಳು. ಮಾಬುಬಿ ಬೀಜ ಕೊಟ್ಟ ದಿನ ಅದರಲ್ಲೇ ತೆಗೆದು ದೇವರ ಮುಂದಿಟ್ಟಿದ್ದ ಹಿಡಿ ಕಾಳನ್ನು ಇನ್ನೊಂದರಲ್ಲಿ ಸುತ್ತಿದಳು. ಎರಡನ್ನೂ ಒಲೆಯ ಹಿಂದಿಟ್ಟು ದಿನಾ ನೀರು ಚಿಮುಕಿಸಿದಳು. ಕೇಳಿದರೆ ಸುಮ್ಮನಿರು ಎಂದು ಕಣ್ಣು ಬಿಟ್ಟಳು. ಈಗ ಆಕೆಗೂ ಯಾರ ಮೇಲೋ ಸಂಶಯವಿತ್ತು.

ಬಿಚ್ಚಿದಾಗ ದೇವರ ಕಾಳಿಗೆಲ್ಲ ಬಿಳಿ ಬೇರು. ಚೀಲದ ಕಾಳು ನೀರು ಕುಡಿದು ಉಬ್ಬಿ ಕೊಳೆತಿತ್ತು. ಅವ್ವ ಎರಡೂ ತಟ್ಟನ್ನು ಅಪ್ಪನ ಮುಂದಿಟ್ಟು, "ಇದಕ್ಕೇನ್ ಹಾಕಿದ್ರಿ?" ಎಂದು ಕೇಳಿದಳು.

ಅಪ್ಪ ಬಾಯಿಬಿಟ್ಟ. ಬಿತ್ತಿದ ಕಾಳನ್ನು ಇರುವೆ ಒಯ್ಯಬಾರದೆಂದು, ಹತ್ತಿಗೆ ಹೊಡೆದು ಉಳಿದ ಎಣ್ಣೆಯನ್ನು ನೀರು ಬೆರೆಸದೆ ಬೀಜಕ್ಕೆ ಕಲಸಿದ್ದನಂತೆ. ಜಾಸ್ತಿ ಹಾಕಿದರೆ ಜಾಸ್ತಿ ಕಾಯುತ್ತದೆ ಎಂದು ತಿಳಿದಿದ್ದ.

ಅಂದೇ ಸಂಜೆ ಅವನು ಹೋಗಿ ಮಾಬುಬಿಯ ಮುಂದೆ ತಪ್ಪೊಪ್ಪಿಕೊಂಡು ಬಂದ. ಆಕೆ ಚಹಾ ಕೊಟ್ಟಳಂತೆ. ಮತ್ತೆ ಬಿತ್ತುವಷ್ಟರಲ್ಲಿ ಹೊಲದ ಹಸಿ ಆರಿತ್ತು. ಆ ವರ್ಷ ರೊಟ್ಟಿಯ ಜೋಳವನ್ನು ಮಾನ್ವಿ ಸಂತೆಯಿಂದ ತಂದೆವು.

ಮುಂದಿನ ಹಿಂಗಾರಿಗೆ ಬೀಜ ಕೇಳಲು ಹೋದ ಅವ್ವನ ಸೆರಗು ಹಿಡಿದು ನಾನೂ ಹೋಗಿದ್ದೆ. ಮಾಬುಬಿ ಚಾಪೆ ಹಾಸಿದಳು, ನಗುತ್ತಲೇ ಮಾತಾಡಿದಳು. ಕಡೆಗೆ ಅಂದಳು: "ಅಂಗಡ್ಯಾಗಿಂದು ತಗೊಳ್ರಿ ಅಕ್ಕಾ. ಅದು ಹುಟ್ಟಲಿಲ್ಲಂದ್ರ ಬಾಜೂ ಮನಿಯವರ ಮ್ಯಾಲ ಸಂಶೇ ಬರೂದಿಲ್ಲ."

ಈಗ ನಾನು ರಾಯಚೂರಿನಲ್ಲಿದ್ದೇನೆ. ಊರಿನ ಹೊಲಕ್ಕೆ ಬಣ್ಣ ಹಚ್ಚಿದ ಬೀಜ ಪಾಕೀಟಿನಲ್ಲಿ ಬರುತ್ತದೆ, ಬಹುತೇಕ ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಹುಟ್ಟಿದಂದಿನಿಂದ ಆ ದಿನದವರೆಗೆ ನಾನು ಕೇಳಿದ್ದು, ಮಾಬುಬಿ ನಮ್ಮ ಅವ್ವನಿಗೆ "ಬಾ ಅಕ್ಕಾ, ತಗೋ ಅಕ್ಕಾ" ಎನ್ನುವುದನ್ನೇ. "ತಗೊಳ್ರಿ" ಎಂದದ್ದು ಅದೇ ಮೊದಲು. ಆ ಮೇಲೆ ಆಕೆ ಒಮ್ಮೆಯೂ ಏಕವಚನಕ್ಕೆ ಇಳಿಯಲಿಲ್ಲ.