ಬಿಳಿ ಕಾಗೆ ಕಂಡ ಅಕ್ಕ

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನಕ್ಕ ಚಾಮರಾಜನಗರದಲ್ಲಿ ಪಿಯುಸಿ ಓದುತ್ತಿದ್ದಳು. ರಜೆಗೆ ದೊಡ್ಡಗಾಜನೂರಿನ ನಮ್ಮ ಮನೆಗೆ ಬಂದಾಗ, ಕಾಲೇಜಿನಲ್ಲಿ ಕಲಿತ ತರ್ಕಶಾಸ್ತ್ರವನ್ನು ಹೊಲದಲ್ಲಿ ನನಗೆ ಪಾಠ ಮಾಡುತ್ತಿದ್ದಳು. ಒಮ್ಮೆ ಅವರೆಕಾಯಿ ಬಿಡಿಸುತ್ತ, ಎಷ್ಟು ಕಪ್ಪು ಕಾಗೆಗಳನ್ನು ನೋಡಿದರೆ ಕಾಗೆಗಳೆಲ್ಲ ಕಪ್ಪು ಎನ್ನಬಹುದು ಎಂದು ಕೇಳಿದಳು. ನೂರು ಸಾಕು ಎಂದೆ. ಅದರ ಮುಂದಿನದಕ್ಕೆ ಗ್ಯಾರಂಟಿ ಯಾರು ಕೊಡುತ್ತಾರೆ ಎಂದು ನಕ್ಕಳು. ಆಮೇಲೆ ಗಿಡದಿಂದ ಒಂದು ಬಿಳಿ ಹೂ ಕಿತ್ತು ನನ್ನ ಅಂಗೈಯಲ್ಲಿಟ್ಟಳು.

“ಕಾಗೆ ಎಲ್ಲಾ ಕರ್ರಗವೆ ಅಂದ್ರೆ, ಕರ್ರಗಿಲ್ದೆ ಇರೋದು ಯಾವ್ದೂ ಕಾಗೆ ಅಲ್ಲ ಅಂತ ತಾನೆ? ಅಂಗಾರೆ ಈ ಬೆಳ್ಳನೆ ಊವೂ ಅದ್ಕೆ ಸಾಕ್ಸಿ ಕಣಮ್ಮಿ.”

ಹೂವನ್ನು ನೋಡಿ ಕಾಗೆಯ ಬಣ್ಣ ತಿಳಿಯುವುದುಂಟೇ? ಸಂಜೆಯವರೆಗೂ ವಾದ ಮಾಡಿದೆವು. ತಪ್ಪೆಲ್ಲಿದೆ ಎಂದು ತಿಳಿಯಲೇ ಇಲ್ಲ. ಅವರೆಕಾಯಿಯ ಮಂಕರಿ ಅರ್ಧವೂ ತುಂಬಿಲ್ಲವೆಂದು ಅವ್ವ ಇಬ್ಬರನ್ನೂ ಬೈದಳು.

ಡಿಗ್ರಿಗೆ ಸೇರುವ ಮೊದಲೇ ಅಕ್ಕನನ್ನು ತಾಳಮಲೆಗೆ ಮದುವೆ ಮಾಡಿಕೊಟ್ಟರು. ಭಾವ ಒಳ್ಳೆಯವರು, ಮಾತು ಕಡಿಮೆ. ಒಂದು ದಿನ ಅವಳು ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಳು: ಬಿಳಿ ಕಾಗೆ ಕಂಡಿದೆ, ಬೇಗ ಬಾ.

ಮರುದಿನವೇ ಹೋದೆ. ಹಿತ್ತಲಿನ ಹುಣಸೆಮರದ ಕೆಳಗೆ ಚಾಪೆ ಹಾಸಿ, ಊಟವನ್ನೂ ಅಲ್ಲೇ ಮುಗಿಸಿ, ಇಬ್ಬರೂ ಕಾದೆವು. ಬಂದ ಕಾಗೆಗಳೆಲ್ಲ ಕಪ್ಪೇ. ಕೊಕ್ಕರೆಯನ್ನೇನಾದರೂ ನೋಡಿದೆಯಾ ಎಂದು ಮೆಲ್ಲಗೆ ಕೇಳಿದ್ದಕ್ಕೆ ಅವಳಿಗೆ ಕೋಪ ಬಂತು. ಬಸ್ಸಿನ ಹೊತ್ತಾದಾಗ ನನ್ನ ಕೈ ಹಿಡಿದುಕೊಂಡಳು.

“ನೀ ಕಾಣ್ದೆ ಇದ್ರೆ ಅದು ಇಲ್ಲಾ ಅಂತಾನಾ? ನಾ ಕಂಡಿವ್ನಿ ಕಣಮ್ಮಿ. ಅಷ್ಟು ಸಾಲ್ದಾ?”

ಸಾಕು ಎಂದೆ. ನಿಜವಾಗಿಯೂ ಸಾಕಾಗಿತ್ತು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡಳು. ಕೆಲವು ವರ್ಷಗಳ ನಂತರ ನಾನೂ ಅವಳು ಓದಿದ ಕಾಲೇಜಿಗೇ ಸೇರಿದೆ. ಬಿಳಿ ಹೂವು ಕಪ್ಪು ಕಾಗೆಗೆ ಸಾಕ್ಷಿಯಾಗುವ ಇಂಥ ಒಗಟಿಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲವೆಂದು ಮೇಷ್ಟ್ರು ಪಾಠದಲ್ಲಿ ಹೇಳಿದ ದಿನ, ಅದನ್ನು ಅವಳಿಗೆ ಹೇಳಬೇಕೆಂಬ ಆಸೆ ತಡೆಯಲಾಗಲಿಲ್ಲ. ಆ ಶನಿವಾರ ಮನೆಗೆ ಹೋಗುವ ಬದಲು ತಾಳಮಲೆಯ ಬಸ್ ಹತ್ತಿದೆ.

ಭಾವ ಜಗುಲಿಯಲ್ಲಿ ಒಬ್ಬರೇ ಕೂತಿದ್ದರು. ಆ ಕಾಗೆಯನ್ನು ನೀವೂ ನೋಡಿದ್ದಿರಾ ಎಂದು ಕೇಳಿದೆ. ನೋಡಿರಲಿಲ್ಲವಂತೆ. ಅಕ್ಕ ಹಿತ್ತಲಿನಿಂದ ಕೂಗಿ ಕರೆದಿದ್ದಳಂತೆ. ಸೌದೆ ಒಡೆಯುತ್ತಿದ್ದವರು, ಮುಗಿಸಿ ಬರುತ್ತೇನೆ ಎಂದರಂತೆ. ಅಷ್ಟು ಹೇಳಿ, ಊಟ ಮಾಡಿಕೊಂಡೇ ಹೋಗಬೇಕೆಂದು ಒಲೆ ಹಚ್ಚಲು ಎದ್ದರು.