ಆಪಾಳ ಮೆಹರ್

ಮೊನ್ನೆ ಮೇಲಿನ ಮನೆಯವರು ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದರು. ಆ ವಾಸನೆ ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂತು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲುವವರೆಗೂ ನಾನು ಶಹಾಬಾದಿನಲ್ಲಿದ್ದೆ...

ನನಗಾಗ ಇಪ್ಪತ್ತೆರಡು. ಮೈಸೂರು ರಾಜ್ಯ ಕರ್ನಾಟಕವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಮ್ಮನಚೋಡದಿಂದ ಬಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿ, ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಪಕ್ಕದ ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವಳು. ಓಣಿಯವರಂತೆ ನಾನೂ ಅವಳನ್ನು ಆಪಾ ಎಂದೇ ಕರೆದೆ. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ. ಜ್ವರ ಬಂದಾಗ ಗಂಜಿ ಕುಡಿಸಿದವಳು, ನಾನು ರೊಟ್ಟಿ ಬಡಿಯುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕವಳು, ಅವಳೇ.

ಮಕ್ಕಳಾಗಲಿಲ್ಲವೆಂದು ಅವಳ ಗಂಡ ತಲಾಖ್ ಕೊಟ್ಟ. ಹಿರಿಯರು ಪಡಸಾಲೆಯಲ್ಲಿ ಕೂತರು. ಪರದೆಯ ಹಿಂದೆ ಆಪಾ, ಅವಳ ಪಕ್ಕ ನಾನು. ನಿಕಾಹದ ದಿನ ಗಂಡ ಹೆಂಡತಿಗೆ ಕೊಡುತ್ತೇನೆಂದು ಒಪ್ಪಿದ ಹಣ, ಅಂದರೆ ಮೆಹರ್, ಐದುನೂರು ರೂಪಾಯಿ ಬಾಕಿ ಇತ್ತು. ಮದುವೆಯ ಹೊಸದರಲ್ಲೇ ಅವಳು ಅದನ್ನು ಮಾಫ್ ಮಾಡಿದ್ದಾಳೆ ಎಂದು ಗಂಡನ ಕಡೆಯವರು ವಾದ ಹೂಡಿದರು. ಹೊಸ ಮದುವಣಗಿತ್ತಿಯ ಬಾಯಲ್ಲಿ ಹಾಗೆ ಅನ್ನಿಸಿಬಿಡುವುದು ಎಷ್ಟೋ ಮನೆಗಳ ರೂಢಿ.

"ಅನ್ನು ಅಂದ್ರು, ಅಂದೆ," ಆಪಾ ಪರದೆಯ ಹಿಂದಿನಿಂದಲೇ ಹೇಳಿದಳು. "ಮಾಫ್ ಅಂದ್ರ ಏನಂತ ನನಗ ಆವಾಗ ಯಾರ ಹೇಳಿದ್ರಿ? ಈಗ ಗೊತ್ತಾಗ್ಯಾದ. ಈಗ ಮಾಫ್ ಮಾಡಂಗಿಲ್ಲ."

ಹಿರಿಯರು ಅವಳ ಮಾತು ಒಪ್ಪಿದರು. ಹಣ ಕೊಡಿಸಿದರು.

ಆದರೆ ತಲಾಖ್ ಆದವಳು ಮೂರು ತಿಂಗಳು ಇದ್ದತ್ ಕೂರಬೇಕು, ಹೊಸಿಲು ದಾಟುವಂತಿಲ್ಲ. ಇನ್ನು ಅಂಚೆ ಕಚೇರಿಗೆ ಹೋಗಿ ಖಾತೆ ತೆರೆಯುವುದು ಎಲ್ಲಿಯ ಮಾತು? "ನಿನ್ನ ಹೆಸರಿಗೇ ಇಡು ತಂಗಿ," ಅಂದಳು. ಐದುನೂರನ್ನೂ ನನ್ನ ಪಾಸ್‌ಬುಕ್ಕಿಗೆ ಕಟ್ಟಿ ಬಂದೆ.

ಆ ಮೂರು ತಿಂಗಳು ಅವಳು ಅತ್ತಳು, ಅಳುತ್ತಲೇ ಲೆಕ್ಕ ಹಾಕಿದಳು. ಕೈಯಿಂದ ತಿರುವುವ ಶಾವಿಗೆ ಮಷೀನು ತರಬೇಕು. ಬೇಸಿಗೆಯಲ್ಲಿ ನಮ್ಮವರು ವರ್ಷಕ್ಕಾಗುವಷ್ಟು ಶಾವಿಗೆ ಮಾಡಿಸುತ್ತಾರೆ, ರಮ್ಜಾನಿಗೆ ಅವಳವರು. ಇದ್ದತ್ ಮುಗಿದು ಗಂಡನ ಮನೆ ಬಿಟ್ಟ ಮೇಲೆ ಇರಲು, ನನ್ನ ಇನ್ನೊಂದು ಪಕ್ಕದ ಖಾಲಿ ಕೋಣೆಗೆ ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟುಬಿಡಬೇಕು. ಉಳಿದದ್ದನ್ನು ಮುಟ್ಟಬಾರದು. ತವರಿನಿಂದ ತಂದ ಸಾಮಾನು ಅವಳಿಗೇ ವಾಪಸು. ಅದರಲ್ಲಿ ಹಂಡೆ ಇಟ್ಟುಕೊಂಡು ಮಂಚ ಮಾರಬೇಕು. "ಒಬ್ಬಾಕಿಗ ಅಷ್ಟ ದೊಡ್ಡ ಮಂಚ ಯಾಕ ಬೇಕು?" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

"ಅಣ್ಣನ ಮನಿಗಿ ಹೋಗಂಗಿಲ್ಲೇನು ಆಪಾ?"

"ಅಲ್ಲಿ ರೊಟ್ಟಿ ಸಿಗ್ತದ ತಂಗಿ. ಕೀಲಿ ನನ್ನ ಕೈಯಾಗ ಇರಂಗಿಲ್ಲ."

ಇದ್ದತ್ ಮುಗಿಯಲು ನಾಲ್ಕು ದಿನ ಇರುವಾಗ ಕಾಳಗಿಯಿಂದ ಅವಳ ಅಣ್ಣ ಬಂದ. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. "ಅಕ್ಕೋರೆ, ತಂಗಿ ರೊಕ್ಕ ನಿಮ್ಮ ಬಲ್ಲಿ ಅದಾವಂತ. ಇನ್ನ ಮ್ಯಾಲ ಆಕಿ ಜವಾಬ್ದಾರಿ ನಂದೇ ಅಲ್ಲೇನ್ರಿ?" ಎಂದ. ಒಡಹುಟ್ಟಿದವನು, ಮೆದು ಮಾತಿನವನು. ಆಪಾಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಸಂಬಳವನ್ನೂ ತಿಂಗಳು ತಿಂಗಳು ಅಪ್ಪನ ಕೈಗೇ ಒಪ್ಪಿಸುತ್ತಿದ್ದವಳು ನಾನು. ಅಂಚೆ ಕಚೇರಿಯಿಂದ ಹಣ ತೆಗೆದು ಅವನಿಗೆ ಕೊಟ್ಟೆ. ದೊಡ್ಡ ಉಪಕಾರ ಮಾಡಿದವಳಂತೆ ಆಪಾಗೆ ಹೋಗಿ ಹೇಳಿದೆ.

ಅಕ್ಕಿ ಆರಿಸುತ್ತಿದ್ದವಳ ಕೈ ನಿಂತಿತು.

"ನಾಕ ದಿನ ತಡೀಲಿಲ್ಲ ನೀ," ಅಂದಳು.

ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನಾನು ಹಗುರಾಗಿ ಇರುತ್ತಿದ್ದೆ.

ಅಣ್ಣ ಆ ಹಣದಲ್ಲಿ ಎತ್ತು ಕೊಂಡ. ತಂಗಿಗೆ ಮನೆಯ ಮೂಲೆಯಲ್ಲಿ ಜಾಗ ಕೊಟ್ಟ. ಕೆಟ್ಟವನೇನಲ್ಲ, ಅದೇ ಧರ್ಮವೆಂದು ತಿಳಿದವನು. ಕಾಳಗಿಯ ಬಸ್ಸು ಹತ್ತುವಾಗ ಆಪಾ ನನ್ನ ಕೆನ್ನೆ ಸವರಿದಳು...

ಅಪ್ಪನಿಗೆ ಸುಳ್ಳು ಹೇಳಿ ಸಂಬಳದಲ್ಲಿ ಉಳಿಸತೊಡಗಿದೆ. ಐದುನೂರು ಕೂಡಲು ಎರಡು ವರ್ಷ ಹಿಡಿಯಿತು. ಕಾಳಗಿಗೆ ಹೋದೆ. ಅಂಗಳದಲ್ಲಿ ಜೋಳ ಕೇರುತ್ತಿದ್ದ ಆಪಾ ಮೊರ ಬಿಟ್ಟು ಓಡಿಬಂದು ತಬ್ಬಿಕೊಂಡಳು. ಸೊರಗಿದ್ದಳು. ಹಣದ ಗಂಟು ಕೈಗಿಟ್ಟೆ. ಅವಳು ಒಮ್ಮೆ ಮನೆಯ ಒಳಗೆ ನೋಡಿ, ಅದನ್ನು ನನ್ನ ಚೀಲಕ್ಕೇ ತುರುಕಿದಳು.

"ಇಲ್ಲಿ ಕೊಟ್ರ ನನ್ನ ಬಲ್ಲಿ ಉಳ್ಯಂಗಿಲ್ಲ. ನಿನ್ನ ಹೆಸರಿಗೇ ಇಡು. ನಾ ಬಂದು ಇಸ್ಗೋತೀನಿ. ಬ್ಯಾರೆ ಯಾರಿಗೂ ಕೊಡಬ್ಯಾಡ."

ಮತ್ತೆ ನನ್ನನ್ನೇ ನಂಬಿದಳು. ಬಸ್ಸಿನಲ್ಲಿ ಬಿಕ್ಕಿಬಿಕ್ಕಿ ಅತ್ತೆ.

ಅವಳು ಬರಲಿಲ್ಲ. ನನಗೆ ಸೇಡಂಗೆ ವರ್ಗವಾಯಿತು. ಹೊಸ ವಿಳಾಸ ಬರೆದು ಹಾಕಿದ ಕಾಗದಗಳಿಗೆ ಉತ್ತರವಿಲ್ಲ. ಮತ್ತೆ ಕಾಳಗಿಗೆ ಹೋದಾಗ, ಗಡಿಯಾಚೆಯ ಊರಿನ ಒಬ್ಬ ವಿಧುರನಿಗೆ ಅವಳ ಮರುನಿಕಾಹ ಮಾಡಿದ್ದಾರೆಂದು ತಿಳಿಯಿತು. ಆ ಊರಿಗೂ ಹೋದೆ. ಗಂಡ ಹೆಂಡತಿ ಕೆಲಸ ಹುಡುಕಿ ಹೈದರಾಬಾದಿಗೆ ಹೋದರು ಅಂದರು. ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಹುಡುಕಲಿ...

ನನ್ನ ಮದುವೆಗೆ ಅಪ್ಪ ಕೇಳಿದರೂ ಆ ಹಣ ತೆಗೆಯಲಿಲ್ಲ. ಮನೆ ಕಟ್ಟುವಾಗ ಗಂಡ ಕೇಳಿದರು, ಕೊಡಲಿಲ್ಲ. ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಈಗ ನನಗೆ ಎಪ್ಪತ್ತು ದಾಟಿದೆ. ಹೋದ ವಾರ ಮಗಳು, ಆಪಾಳ ಹಣ ಇಟ್ಟಿರುವ ನನ್ನ ಅಂಚೆ ಖಾತೆಯ ಫಾರಂ ತಂದಳು. ನನ್ನ ನಂತರ ಹಣ ಯಾರಿಗೆ ಸೇರಬೇಕೆಂದು ಬರೆಯುವ ಸಾಲು ಇಷ್ಟು ವರ್ಷ ಖಾಲಿಯೇ ಇತ್ತಂತೆ. "ನನ್ನ ಹೆಸರು ಬರಿ ಅಮ್ಮಾ, ಮುಗೀತು," ಅಂದಳು. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಅಲ್ಲಿ ಬೇರೆ ಹೆಸರು ಬರೆದರೆ, ಆಪಾ ಇನ್ನು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ.

ನಿನ್ನೆ ಮಗಳ ಹೆಸರು ಬರೆದು ಸಹಿ ಹಾಕಿದೆ.